ತುಟಿಯಿಂದ ಬೆಲ್ಲಿನ ಕಡೆಗೆ

“ಒಂದು ವಾದ್ಯ ಕೊಳ್ಳೋಕೆ ಇಷ್ಟೊಂದು ಕಾಲಂ ತುಂಬಬೇಕೇನೇ?” ಎಂದು ಮಾವ ಹಾಳೆಯನ್ನು ದೀಪದ ಹತ್ತಿರ ಹಿಡಿದರು. ಬೆಲ್, ಅಂದರೆ ವಾದ್ಯದ ಅರಳಿದ ಬಾಯಿ, ಯಾವ ಲೋಹದ್ದು, ತಗಡು ಎಷ್ಟು ದಪ್ಪ, ಒಂದೇ ತಗಡಿನದೋ ಎರಡು ತುಂಡು ಬೆಸೆದದ್ದೋ. ಹಿಂದೆ ಮುಂದೆ ಜಾರುವ ಕೊಳವೆಯ, ಅಂದರೆ ಸ್ಲೈಡಿನ, ಒಳವ್ಯಾಸ ಎಷ್ಟು, ಹೊರಕೊಳವೆ ಹಿತ್ತಾಳೆಯದೋ ನಿಕಲ್ ಸಿಲ್ವರಿನದೋ. ಲೀಡ್‌ಪೈಪ್ ಯಾವ ಸಂಖ್ಯೆಯದು. ವಾಲ್ವ್ ಯಾವ ಬಗೆಯದು. ಅಕ್ಕನ ಮಗಳು ಇವುಗಳಲ್ಲಿ ಒಂದಕ್ಕೂ ಇನ್ನೂ ಗುರುತು ಹಾಕಿರಲಿಲ್ಲ.

“ತುಂಬಲೇಬೇಕು ಅಂತಿಲ್ಲ ಮಾವ. ಅವರು ಜೋಡಿಸಿಟ್ಟದ್ದನ್ನ ಹಾಗೇ ತರಬಹುದು. ಆದ್ರೆ ಮುಂದೆ ಎಷ್ಟೋ ವರ್ಷ ದಿನಾ ಇದನ್ನೇ ಊದೋಳು ನಾನು. ಯಾವ ಭಾಗ ಯಾಕೆ ಅಂತ ನನಗೇ ಗೊತ್ತಿಲ್ಲದಿದ್ರೆ ಹೇಗೆ?”

ಮಾವ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಹಿತ್ತಾಳೆ, ತಾಮ್ರದ ತಗಡು ಮತ್ತು ಕೊಳವೆಗಳ ನಡುವೆ ದುಡಿದು ನಿವೃತ್ತರಾದವರು. ಟ್ರೊಂಬೋನನ್ನು ಅವರು ಕಂಡಿದ್ದೆಂದರೆ ಮೈಸೂರು ದಸರೆಯ ಪೊಲೀಸ್ ಬ್ಯಾಂಡಿನಲ್ಲಿ. ಸೊಸೆ, ಅಂದರೆ ಆ ಅಕ್ಕನ ಮಗಳು, ಅಮೆರಿಕದ ಮಿಲ್ವಾಕಿಯಲ್ಲಿ ಬೆಳೆದವಳು; ಸಂಗೀತದಲ್ಲಿ ಸ್ನಾತಕೋತ್ತರ ಓದು ಮುಗಿಸಿ ಆರ್ಕೆಸ್ಟ್ರಾಗಳ ಆಡಿಶನ್‌ಗೆ ತಯಾರಿ ನಡೆಸುತ್ತಿರುವ ಟೆನರ್ ಟ್ರೊಂಬೋನ್ ವಾದಕಿ. ಈವರೆಗೆ ನುಡಿಸಿದ್ದು ಕಾಲೇಜಿನ ವಾದ್ಯ; ಅದನ್ನು ಹಿಂದಿರುಗಿಸುವ ಹೊತ್ತು ಬಂದಿತ್ತು. ಊಟದ ಮೇಜಿನ ಮೇಲೆ ಗುರುಗಳಿಂದಲೂ ಸಹಪಾಠಿಗಳಿಂದಲೂ ಎರವಲು ತಂದ ಎರಡು ಬೆಲ್, ಒಂದಷ್ಟು ಲೀಡ್‌ಪೈಪ್, ಎರಡು ಸ್ಲೈಡ್ ಸಾಲಾಗಿ ಮಲಗಿದ್ದವು. ಲೋಹ ಬಲ್ಲವರು ಒಬ್ಬರು, ನಾದ ಬಲ್ಲವಳು ಒಬ್ಬಳು. ಇಂಥ ಆಯ್ಕೆಗೆ ಇಬ್ಬರೂ ಬೇಕು.

“ಮೊದಲೂ ಹೀಗೇ ಬಿಡಿಬಿಡಿಯಾಗಿ ಮಾರ್ತಿದ್ರಾ?”

“ಇಲ್ಲ. ನಮ್ಮ ಮೇಷ್ಟ್ರ ಕಾಲದಲ್ಲಿ ಆರ್ಕೆಸ್ಟ್ರಾದವರು ಹೆಚ್ಚಾಗಿ ಎರಡರಲ್ಲಿ ಒಂದು ತಗೋತಿದ್ರು. ಬಾಕ್ 42ಬಿ, ಇಲ್ಲಾ ಕಾನ್ 88ಎಚ್. ಎರಡರ ಸ್ಲೈಡಿನ ಒಳವ್ಯಾಸವೂ 0.547 ಇಂಚು, ಎರಡರ ಬೆಲ್ಲಿನ ಬಾಯಿಯೂ ಎಂಟೂವರೆ ಇಂಚು. ಅಳತೆ ಒಂದೇ, ದನಿ ಬೇರೆ.”

ಆ ಎರಡು ಹೆಸರುಗಳ ಹಿಂದೆ ಬಿಡಿಭಾಗಗಳ ಕಥೆ ಅಡಗಿದೆ. ವಿನ್ಸೆಂಟ್ ಬಾಕ್ ತಮ್ಮ ಕಂಪನಿಯನ್ನು 1961ರಲ್ಲಿ ಸೆಲ್ಮರ್‌ಗೆ ಮಾರಿದರು. ತಯಾರಿಕೆ ನ್ಯೂಯಾರ್ಕ್ ರಾಜ್ಯದ ಮೌಂಟ್ ವರ್ನನ್‌ನಿಂದ ಇಂಡಿಯಾನಾದ ಎಲ್ಕ್‌ಹಾರ್ಟ್‌ಗೆ ಹೋಯಿತು. ಎಲ್ಕ್‌ಹಾರ್ಟ್‌ನಲ್ಲೇ ಬೇರೂರಿದ್ದ ಕಾನ್, 1970ರ ಆಸುಪಾಸಿನಲ್ಲಿ ಒಡೆತನ ಬದಲಾಗಿ ಟೆಕ್ಸಸ್‌ನ ಆಬಿಲೀನ್‌ಗೆ ಸ್ಥಳಾಂತರವಾಯಿತು. ವಾದಕರು ಹೊಸದನ್ನು ಬಿಟ್ಟು ಹಳೆಯ ‘ಮೌಂಟ್ ವರ್ನನ್ ಬಾಕ್’, ‘ಎಲ್ಕ್‌ಹಾರ್ಟ್ ಕಾನ್’ ಹುಡುಕತೊಡಗಿದರು. ಒಂದರ ಬೆಲ್ ಚೆನ್ನಾಗಿರುತ್ತಿತ್ತು, ಸ್ಲೈಡ್ ಸವೆದಿರುತ್ತಿತ್ತು. ಇನ್ನೊಂದರ ಸ್ಲೈಡ್ ಚೆನ್ನ, ಬೆಲ್ ನಜ್ಜುಗುಜ್ಜು. ರಿಪೇರಿಯವರು ಬೆಸುಗೆ ಬಿಡಿಸಿ ಇದರ ಬೆಲ್ಲಿಗೆ ಅದರ ಸ್ಲೈಡ್ ಕೂಡಿಸಿಕೊಡುತ್ತಿದ್ದರು. ಹಾಗೆ ಕೂಡಿಸುವುದನ್ನೇ ತಯಾರಿಕೆಯ ಕ್ರಮವಾಗಿ ಮಾಡಿದವರು ಆಮೇಲೆ ಬಂದರು. ವಿಸ್ಕಾನ್ಸಿನ್‌ನ ಎಲ್ಕ್‌ಹಾರ್ನ್‌ನಲ್ಲಿ ಗೆಟ್ಜನ್ ಮನೆತನದ ಎಡ್ವರ್ಡ್ಸ್, ಮ್ಯಾಸಚೂಸೆಟ್ಸ್‌ನಲ್ಲಿ 1995ರಲ್ಲಿ ಸ್ಟೀವ್ ಶೈರ್ಸ್ ಕಟ್ಟಿದ ಕಂಪನಿ, ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಮೈಕೆಲ್ ರಾತ್. ಬೆಲ್, ವಾಲ್ವ್, ಟ್ಯೂನಿಂಗ್ ಸ್ಲೈಡ್, ಕೈಸ್ಲೈಡ್, ಲೀಡ್‌ಪೈಪ್, ಎಲ್ಲ ಕಳಚಿ ಬದಲಾಯಿಸಬಹುದು.

“ಅಂದ್ರೆ ಎಡ್ವರ್ಡ್ಸ್ ಬೆಲ್ಲಿಗೆ ಶೈರ್ಸ್ ಸ್ಲೈಡ್ ಹಾಕಬಹುದಾ?”

“ಸುಮ್ಮನೆ ಹಾಕಿದ್ರೆ ಕೂರಲ್ಲ. ಸ್ಲೈಡ್ ಬೆಲ್ಲಿಗೆ ಸೇರೋ ಕುತ್ತಿಗೆ ಒಬ್ಬೊಬ್ಬರದು ಒಂದೊಂದು ಥರ. ಹಳೇ ಕಾನ್‌ಗಳಲ್ಲಿ ಮೌತ್‌ಪೀಸ್ ಕೂರೋ ಇಳಿಜಾರೂ ಬೇರೆ. ಈಸ್ಟ್‌ಮನ್ ಸ್ಕೂಲಿನಲ್ಲಿ ಪಾಠ ಹೇಳ್ತಿದ್ದ ಎಮರಿ ರೆಮಿಂಗ್ಟನ್ ಅವರ ಹೆಸರಲ್ಲೇ ಅದನ್ನ ಕರೀತಾರೆ. ಒಂದು ಮನೆ ಸೇರಿದ್ರೆ ಆ ಮನೆಯೊಳಗೇ ಆಡಬೇಕು.”

ಮಾವ ಮೊದಲು ಕೈಗೆತ್ತಿಕೊಂಡದ್ದು ಬೆಲ್. ಎಲ್ಲರೂ ಹಾಗೇ ಮಾಡುತ್ತಾರೆ. ಹೊಳೆಯುವುದು ಅದು, ಕಣ್ಣು ತುಂಬುವುದು ಅದು. ಸೊಸೆ ಅದನ್ನು ಮೆಲ್ಲನೆ ತೆಗೆದು ಪಕ್ಕಕ್ಕಿಟ್ಟು ಸ್ಲೈಡನ್ನು ಅವರ ಮುಂದೆ ಸರಿಸಿದಳು.

“ಬೆಲ್ ಆಮೇಲೆ. ಇದರ ಒಳವ್ಯಾಸ 0.547 ಇಂಚು, ಅಂದ್ರೆ 13.9 ಮಿಲಿಮೀಟರ್. ಸಿಂಫನಿಯಲ್ಲಿ ಕೂರೋಳಿಗೆ ಇದೇ ರೂಢಿ. ಇದಕ್ಕಿಂತ ಒಂದು ಹೆಜ್ಜೆ ಸಣ್ಣದು 0.525. ಇನ್ನೂ ಸಣ್ಣದು 0.508, ಜಾಝ್ ನುಡಿಸೋರು ತುಂಬ ಬಳಸ್ತಾರೆ. ಮೇಲಿನ ಕೊಳವೆ 0.547, ಕೆಳಗಿನದು 0.562 ಇರೋ ಜೋಡಿನೂ ಸಿಗತ್ತೆ.”

“0.547ಕ್ಕೂ 0.525ಕ್ಕೂ ಅರ್ಧ ಮಿಲಿಮೀಟರ್ ಚಿಲ್ರೆ ವ್ಯತ್ಯಾಸ. ಅಷ್ಟಕ್ಕೆ ಇಷ್ಟು ಮಾತಾ?” ಎಂದವರು ತಾವೇ ಹಾಳೆಯ ಅಂಚಿನಲ್ಲಿ ಲೆಕ್ಕ ಹಾಕಿದರು. “ತಡಿ. ವ್ಯಾಸ ನೋಡಬಾರದು, ಅಡ್ಡಕೊಯ್ತದ ವಿಸ್ತೀರ್ಣ ನೋಡಬೇಕು. ಎಂಟೂವರೆ ಪರ್ಸೆಂಟ್ ಹೆಚ್ಚು. 0.508ಕ್ಕೆ ಹೋಲಿಸಿದ್ರೆ ಹದಿನಾರು ಪರ್ಸೆಂಟ್. ಇದು ಕಡಿಮೆಯೇನಲ್ಲ ಕಣೇ.”

ಕಡಿಮೆಯೇನಲ್ಲ, ನಿಜ. ಏಕೆಂದು ತಿಳಿಯಬೇಕಾದರೆ ಟ್ರೊಂಬೋನ್ ಜೋರಾಗಿ ನುಡಿದಾಗ ಒಳಗೆ ನಡೆಯುವುದನ್ನು ನೋಡಬೇಕು. ತುಟಿಯ ಅದುರುವಿಕೆಯಿಂದ ಹೊರಟ ಒತ್ತಡದ ಅಲೆ, ಸ್ಲೈಡಿನ ಉದ್ದನೆಯ ನೇರ ಕೊಳವೆಯಲ್ಲಿ ಸಾಗುತ್ತದೆ. ಅಲೆಯಲ್ಲಿ ಒತ್ತಡ ಹೆಚ್ಚಿರುವ ಭಾಗ ಕಡಿಮೆ ಇರುವ ಭಾಗಕ್ಕಿಂತ ತುಸು ವೇಗವಾಗಿ ಹೋಗುವುದರಿಂದ, ಸಮುದ್ರದ ಅಲೆ ದಡಕ್ಕೆ ಬರುತ್ತ ಮುಂಭಾಗ ಕಡಿದಾಗುವ ಹಾಗೆ, ಇದರ ಮುಖವೂ ಕಡಿದಾಗುತ್ತ ಹೋಗುತ್ತದೆ. ತುಂಬ ಜೋರಾಗಿ ನುಡಿಸಿದಾಗ ಟ್ರೊಂಬೋನಿನೊಳಗೆ ಅದು ಆಘಾತ ತರಂಗವೇ ಆಗಿಬಿಡುತ್ತದೆಂದು ಹಿರ್ಷ್‌ಬರ್ಗ್ ಮತ್ತು ಸಂಗಡಿಗರು 1996ರಲ್ಲಿ ಅಳೆದು ತೋರಿಸಿದರು. ಬೆಲ್ಲಿನಿಂದ ಹೊರಬೀಳುವ ಆ ಝಳಪಿಸುವ, ಹರಿತವಾದ ದನಿಯ ಮೂಲ ಅದೇ. ಕೊಳವೆ ಕಿರಿದಾದಷ್ಟೂ ಅಷ್ಟೇ ದನಿಗೆ ಒಳಗಿನ ಒತ್ತಡ ಹೆಚ್ಚು ಬೇಕು, ಹರಿತ ಬೇಗ ಬರುತ್ತದೆ. ಕೊಳವೆ ಅಗಲವಾದರೆ ಸಾಕಷ್ಟು ಜೋರಾದರೂ ದನಿ ದುಂಡಗೆ ಉಳಿಯುತ್ತದೆ, ಹರಿತ ಬೇಕೆಂದಾಗ ಹೆಚ್ಚು ಉಸಿರು ಸುರಿಯಬೇಕು.

ಇತಿಹಾಸವೂ ಇದನ್ನೇ ಹೇಳುತ್ತದೆ. ಬ್ರಿಟನ್ನಿನ ಆರ್ಕೆಸ್ಟ್ರಾಗಳಲ್ಲಿ 20ನೇ ಶತಮಾನದ ನಡುವಿನವರೆಗೂ ‘ಪೀಶೂಟರ್’ ಎಂದು ಕರೆಯುತ್ತಿದ್ದ ಕಿರಿದಾದ ಟ್ರೊಂಬೋನ್‌ಗಳೇ ಇದ್ದವು, ಫ್ರಾನ್ಸಿನವೂ ಕಿರಿದೇ. ಅಲ್ಲಿ ಬೇಗ ಕಿಡಿಯಾಡುವ ದನಿಗೆ ಕಿವಿ ಒಗ್ಗಿತ್ತು. ಅಮೆರಿಕದ ಅಗಲ ವಾದ್ಯಗಳು ಆ ಕಿವಿಯನ್ನೇ ಬದಲಾಯಿಸಿದವು.

“ಹಾಗಾದ್ರೆ ಅಗಲದ್ದೇ ತಗೋ, ಮುಗೀತು.”

“ಬೊಲೇರೊ ಇದೆಯಲ್ಲ ಮಾವ! ರಾವೆಲ್ 1928ರಲ್ಲಿ ಬರೆದದ್ದು. ಅದರ ಸೋಲೊ ಶುರುವಾಗೋದೇ ಎತ್ತರದ ಬಿ-ಫ್ಲ್ಯಾಟ್‌ನಲ್ಲಿ, ಅಲ್ಲಿಂದ ಡಿ-ಫ್ಲ್ಯಾಟ್‌ವರೆಗೆ ಹೋಗತ್ತೆ. ಅದಕ್ಕೆ ಮುಂಚೆ ಎಷ್ಟೋ ಹೊತ್ತು ಸುಮ್ಮನೆ ಕೂತಿರಬೇಕು, ತುಟಿ ತಣ್ಣಗಾಗಿರತ್ತೆ. ಕಿರಿದಾದ ಟ್ರೊಂಬೋನಿಗೆ ಹುಟ್ಟಿದ ಸಾಲು ಅದು. ಅದೊಂದಕ್ಕೇ ಸಣ್ಣ ವಾದ್ಯ ತರೋರೂ ಇದ್ದಾರೆ. ಆದ್ರೆ ಆಡಿಶನ್‌ನಲ್ಲಿ ಒಂದೇ ಕೂರಿಕೆಯಲ್ಲಿ ಬೊಲೇರೊ ಬೇಕು, ಮಾಹ್ಲರ್ ಮೂರನೇ ಸಿಂಫನಿಯ ದೊಡ್ಡ ಸೋಲೊ ಬೇಕು, ಸೇಂಟ್-ಸಾನ್ಸ್ ಮೂರನೇದರ ಮೆಲುದನಿ ಬೇಕು, ಮೊಜಾರ್ಟ್ ರೆಕ್ವಿಯಮ್‌ನ ಟ್ಯೂಬಾ ಮಿರುಮ್ ಬೇಕು. ಎಲ್ಲಕ್ಕೂ ಸಾಮಾನ್ಯವಾಗಿ ಒಂದೇ ವಾದ್ಯ ಹಿಡ್ಕೊಂಡು ಹೋಗ್ತಾರೆ.”

ಸೊಸೆ 0.547ರ ಮುಂದೆ ಗುರುತು ಹಾಕಿದಳು. ಹಾಳೆಯಲ್ಲಿ ಮೊದಲ ಗುರುತು. ಕೂರಬೇಕಾದ ಜಾಗವೇ ಇದನ್ನು ನಿರ್ಧರಿಸುತ್ತದೆ. ವಾದಕಿಯ ಅಭಿರುಚಿಗೆ ಇಲ್ಲಿ ಹೆಚ್ಚು ಎಡೆಯಿಲ್ಲ. ಪಕ್ಕದ ಇಬ್ಬರು ಅಗಲ ಕೊಳವೆಯ ಟ್ರೊಂಬೋನ್ ಊದುತ್ತಿರುವಾಗ ನಡುವೆ ಕಿರಿದಾದ ವಾದ್ಯ ಹಿಡಿದವಳ ದನಿ ಅವರಿಗಿಂತ ಮೊದಲೇ ಹರಿತವಾಗುತ್ತದೆ, ಮೂವರ ಸ್ವರಮೇಳ ಒಡೆಯುತ್ತದೆ.

ಸ್ಲೈಡಿನ ಉಳಿದ ಪ್ರಶ್ನೆಗಳನ್ನು ಅವರು ಬೇಗ ಮುಗಿಸಿದರು. ಒಳಕೊಳವೆಗಳಿಗೆ ಕ್ರೋಮ್ ಲೇಪ, ತುದಿಯಲ್ಲಿ ಕೂದಲೆಳೆಯಷ್ಟು ದಪ್ಪಗಿರುವ ‘ಸ್ಟಾಕಿಂಗ್’. ಹೊರಕೊಳವೆಯನ್ನು ಮುಟ್ಟುವುದು ಅದಷ್ಟೇ. ಮಾವ ಸ್ಲೈಡನ್ನು ನೆಟ್ಟಗೆ ಹಿಡಿದು, ಹೊರಭಾಗ ತನ್ನ ಭಾರಕ್ಕೇ ಜಾರುವುದನ್ನು ನೋಡಿ ತಲೆದೂಗಿದರು. ಎರಡು ಕೊಳವೆ ಇಷ್ಟು ಸಮಾನಾಂತರವಾಗಿ ಕೂರಿಸುವುದು ಎಷ್ಟು ಕಷ್ಟವೆಂದು ಅವರಿಗೆ ಗೊತ್ತು. ನಿಕಲ್ ಸಿಲ್ವರಿನ ಹೊರಕೊಳವೆ ತೆಳ್ಳಗಿದ್ದು ಕೈಗೆ ಹಗುರ, ಹಿತ್ತಾಳೆಯದು ತುಸು ಭಾರ. ತುದಿಯ ಬಾಗು ಅರ್ಧವೃತ್ತದಂತೆ ಒಂದೇ ತಿರುವಿನದೂ ಸಿಗುತ್ತದೆ, ಎರಡು ತಿರುವಿನ ಚೌಕಾಕಾರದ್ದೂ ಸಿಗುತ್ತದೆ. ಅಲ್ಲಿ ಕೆಲವೇ ಗ್ರಾಂ ಹೆಚ್ಚಾದರೂ ಕೈ ಪೂರ್ತಿ ಚಾಚಿದಾಗ ಮಣಿಕಟ್ಟಿಗೆ ತಿಳಿಯುತ್ತದೆ.

“ಈಗ ಇದು,” ಎಂದು ಸೊಸೆ ಗೇಣುದ್ದಕ್ಕಿಂತ ಸ್ವಲ್ಪ ಹೆಚ್ಚಿನ ತೆಳು ಕೊಳವೆಯೊಂದನ್ನು ಎತ್ತಿದಳು. “ಲೀಡ್‌ಪೈಪ್. ವಾದ್ಯ ಜೋಡಿಸಿದ ಮೇಲೆ ಹೊರಗೆ ಕಾಣೋದೇ ಇಲ್ಲ. ಮೇಲಿನ ಒಳಕೊಳವೆಯೊಳಗೆ ಹೋಗಿ ಕೂರತ್ತೆ, ಅದರ ಬಾಯಿಗೆ ಮೌತ್‌ಪೀಸ್ ಸಿಗಿಸ್ತೀವಿ.”

“ಇದರೊಳಗೆ ಇಳಿಜಾರಿದೆ.”

“ಅದೇ ಇದರ ಕೆಲಸ. ನನ್ನ ಮೌತ್‌ಪೀಸಿನ ಗಂಟಲು ಸುಮಾರು 7 ಮಿಲಿಮೀಟರ್. ಸ್ಲೈಡ್ 13.9. ಅಲ್ಲಿಂದ ಇಲ್ಲಿಗೆ ಹೇಗೆ ಅಗಲವಾಗ್ತಾ ಹೋಗಬೇಕು ಅನ್ನೋದನ್ನ ಇದು ನಿರ್ಧಾರ ಮಾಡತ್ತೆ. ಎಲ್ಲಕ್ಕಿಂತ ಕಿರಿದಾದ ಜಾಗ ಎಲ್ಲಿದೆ, ಎಷ್ಟು ಕಿರಿದು, ಆಮೇಲೆ ಎಷ್ಟು ಬೇಗ ಬಿಚ್ಚಿಕೊಳ್ಳತ್ತೆ, ಅಷ್ಟೇ. 1, 2, 3 ಅಂತ ಸಂಖ್ಯೆ ಇರತ್ತೆ. ಸಂಖ್ಯೆ ಏರಿದ ಹಾಗೆ ಸಾಮಾನ್ಯವಾಗಿ ದಾರಿ ಅಗಲ.”

ಅವಳು ಒಂದೊಂದನ್ನೇ ಹಾಕಿ ಒಂದೇ ಸಾಲನ್ನು ನುಡಿಸಿ ತೋರಿಸಿದಳು. ಕಿರಿದಾದದ್ದರಲ್ಲಿ ಎತ್ತರದ ಸ್ವರಗಳು ಗಟ್ಟಿಯಾಗಿ ತಮ್ಮ ಜಾಗದಲ್ಲಿ ಕೂತವು, ಸ್ವರದ ಆರಂಭ ಚುರುಕಾಗಿತ್ತು. ಆದರೆ ತುಂಬ ಜೋರಾಗಿ ಊದಿದಾಗ ಎಲ್ಲೋ ತಡೆದಂತಾಯಿತು. ಅಗಲವಾದದ್ದು ಕೆಳಸ್ಥಾಯಿಯಲ್ಲಿ ಉದಾರ. ಮೇಲೆ ಹೋದಾಗ ಸ್ವರವನ್ನು ವಾದಕಿಯೇ ಹಿಡಿದು ನಿಲ್ಲಿಸಬೇಕು, ಉಸಿರೂ ಬೇಗ ಮುಗಿಯಿತು. ನಡುವಿನ ಅಳತೆಯಲ್ಲೇ ಹಿತ್ತಾಳೆಯದೊಂದು, ಸ್ಟರ್ಲಿಂಗ್ ಬೆಳ್ಳಿಯದೊಂದು ಇದ್ದವು.

“ಇದಕ್ಕೆ ಎಷ್ಟು?”

“ಹಿತ್ತಾಳೆಯದು ನೂರು, ಇನ್ನೂರು ಡಾಲರ್. ಇಡೀ ವಾದ್ಯ ಹಲವು ಸಾವಿರ.”

“ಅಂದ್ರೆ ಅತಿ ಅಗ್ಗದ ಭಾಗವೇ ಅತಿ ಹೆಚ್ಚು ಮಾತಾಡ್ತಿದೆ.”

ಮಾವನ ಈ ಮಾತಿನಲ್ಲಿ ಇಡೀ ಆಯ್ಕೆಯ ಕ್ರಮವಿದೆ. ವಾದ್ಯವನ್ನು ತುಟಿಯಿಂದ ಬೆಲ್ಲಿನ ಕಡೆಗೆ ಆರಿಸಿಕೊಂಡು ಹೋಗಬೇಕು. ಕೊಳವೆ ಕಿರಿದಾಗಿರುವ ಕಡೆ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ದೊಡ್ಡ ಬದಲಾವಣೆ. ಬೆಲ್ಲಿನ ಬಾಯಲ್ಲಿ ಅದು ಲೆಕ್ಕಕ್ಕಿಲ್ಲ. ಆದರೂ ಅಂಗಡಿಗೆ ಹೋದವರು ಬೆಲ್ಲಿನಿಂದಲೇ ಶುರುಮಾಡಿ, ದುಡ್ಡನ್ನೂ ಕಿವಿಯ ತಾಳ್ಮೆಯನ್ನೂ ಅಲ್ಲೇ ಖರ್ಚು ಮಾಡಿ, ದಣಿದ ಮೇಲೆ ಲೀಡ್‌ಪೈಪನ್ನು ಐದು ನಿಮಿಷದಲ್ಲಿ ಆರಿಸುತ್ತಾರೆ. ಇನ್ನೂ ಕೆಟ್ಟದ್ದೆಂದರೆ, ಜೊತೆಯಲ್ಲೇ ಮೌತ್‌ಪೀಸನ್ನೂ ಬದಲಾಯಿಸುವುದು. ಹಾಗೆ ಮಾಡಿದರೆ ಯಾವುದರಿಂದ ಏನಾಯಿತೆಂಬುದು ಯಾರಿಗೂ ತಿಳಿಯುವುದಿಲ್ಲ. ಸೊಸೆ ತನ್ನ ಬಾಕ್ 5ಜಿ ಮೌತ್‌ಪೀಸನ್ನು ಕೊನೆಯವರೆಗೂ ಬದಲಾಯಿಸಲಿಲ್ಲ.

ಮಾವನ ಕಣ್ಣು ವಾಲ್ವಿನ ಮೇಲೆ ಬಿತ್ತು. “ಸ್ಲೈಡೇ ಇರುವಾಗ ಇದು ಯಾಕೆ?”

“ಏಳು ಸ್ಥಾನ ಇದೆಯಲ್ಲ, ಏಳನೇದರಲ್ಲಿ ಕೆಳಗಿನ ಇ ಬರತ್ತೆ. ಅದಕ್ಕೂ ಅದರ ಕೆಳಗಿನ ಪೆಡಲ್ ಬಿ-ಫ್ಲ್ಯಾಟ್‌ಗೂ ನಡುವೆ ಖಾಲಿ ಜಾಗ. ಹೆಬ್ಬೆರಳಲ್ಲಿ ಈ ಲಿವರ್ ಒತ್ತಿದ್ರೆ ಗಾಳಿ ಇನ್ನಷ್ಟು ಉದ್ದದ ಕೊಳವೆ ಸುತ್ತಿ ಬರತ್ತೆ, ವಾದ್ಯ ಬಿ-ಫ್ಲ್ಯಾಟ್‌ನಿಂದ ಎಫ್‌ಗೆ ಇಳಿಯತ್ತೆ. ಖಾಲಿ ಜಾಗ ಹೆಚ್ಚುಕಡಿಮೆ ತುಂಬತ್ತೆ. ಕೈಯನ್ನ ಆರು, ಏಳನೇ ಸ್ಥಾನಕ್ಕೆ ಚಾಚೋದೂ ತಪ್ಪತ್ತೆ.”

ಇದನ್ನು ಕಂಡುಹಿಡಿದವನು ಲೈಪ್‌ಜಿಗ್‌ನ ವಾದ್ಯತಯಾರಕ ಕ್ರಿಶ್ಚಿಯನ್ ಫ್ರೀಡ್ರಿಷ್ ಸಾಟ್ಲರ್, 1839ರಲ್ಲಿ. ಅದೇ ಊರಿನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾದಲ್ಲಿ ಆಗ ಕಾರ್ಲ್ ಟ್ರಾಗೊಟ್ ಕ್ವೈಸರ್ ಎಂಬ ಮಹಾ ಟ್ರೊಂಬೋನ್ ವಾದಕನಿದ್ದ. ಎರಡು ವರ್ಷ ಹಿಂದೆ, 1837ರಲ್ಲಿ, ಫರ್ಡಿನಾಂಡ್ ಡೇವಿಡ್ ಅವನಿಗಾಗಿ ಬರೆದ ಕನ್ಸರ್ಟಿನೊ ಇಂದಿಗೂ ಆಡಿಶನ್‌ಗಳಲ್ಲಿ ತಪ್ಪದ ಕೃತಿ. ಸೊಸೆ ಅದನ್ನೂ ಅಭ್ಯಾಸ ಮಾಡುತ್ತಿದ್ದಾಳೆ. ಲೈಪ್‌ಜಿಗ್‌ನ ಎರಡು ಕೊಡುಗೆಗಳು ಹೀಗೆ ಒಂದೇ ಕೈಯಲ್ಲಿ ಕೂಡಿವೆ.

ಹಳೆಯ ರೋಟರ್ ವಾಲ್ವಿನಲ್ಲಿ ಗಾಳಿಯ ದಾರಿ ಥಟ್ಟನೆ ತಿರುಗುತ್ತದೆ. ಅದನ್ನು ತಪ್ಪಿಸಲು 1970ರ ದಶಕದಲ್ಲಿ ಅಮೆರಿಕದ ಎಡ್ ಥೇಯರ್ ಶಂಕುವಿನಾಕಾರದ ವಾಲ್ವ್ ರೂಪಿಸಿದರು. ಅದರೊಳಗೆ ಗಾಳಿ ಹೆಚ್ಚು ಬಾಗದೆ ಹಾದುಹೋಗುತ್ತದೆ. ಜಿನೀವಾದ ರೆನೆ ಹ್ಯಾಗ್ಮನ್ ರೋಟರನ್ನೇ ಉಳಿಸಿಕೊಂಡು ಒಳದಾರಿಗಳನ್ನು ನಯಗೊಳಿಸಿದರು. ಮಿಲ್ವಾಕಿ ಸಿಂಫನಿಯ ವಾದಕರಾಗಿದ್ದ ಗ್ಯಾರಿ ಗ್ರೀನ್‌ಹೋ ತಮ್ಮದೇ ವಾಲ್ವ್ ಮಾಡಿದರು.

“ಥೇಯರ್ ಮಾಡಿದ್ದೇ ಸರಿ ಅನ್ಸತ್ತೆ. ಕೊಳವೆಯಲ್ಲಿ ತಿರುವು ಕಡಿಮೆ ಇದ್ದಷ್ಟೂ ಒಳ್ಳೇದು.”

“ನೀರಿನ ಪೈಪಿಗೆ ಸರಿ ಮಾವ. ಇಲ್ಲಿ ತಡೆಯೂ ಸ್ವಲ್ಪ ಬೇಕು, ಒರಗಿಕೊಳ್ಳೋಕೆ. ನ್ಯೂಯಾರ್ಕ್ ಫಿಲ್‌ಹಾರ್ಮಾನಿಕ್‌ನ ಜೋಸೆಫ್ ಅಲೆಸ್ಸಿ 1985ರಲ್ಲಿ ಅಲ್ಲಿ ಮೊದಲ ಟ್ರೊಂಬೋನ್ ಆಗಿ ಸೇರಿದೋರು. ಅವರು ಬಹಳ ಕಾಲ ಥೇಯರ್ ಬಗೆಯ ವಾಲ್ವೇ ಇಟ್ಕೊಂಡಿದ್ರು. ಆಮೇಲೆ ಎಡ್ವರ್ಡ್ಸ್‌ನವರು ಅವರ ಜೊತೆ ಕೂತು ಟಿ396-ಎ ಮಾಡಿದಾಗ ರೋಟರಿಗೆ ಮರಳಿದ್ರು.”

“ಹಾಗಾದ್ರೆ ನೀನು ಯಾವುದು?”

“ನಾನು ಲಿವರ್ ಒತ್ತದೇನೇ ಬೇರೆಬೇರೆ ವಾಲ್ವ್‌ಗಳನ್ನ ಊದಿ ನೋಡಿದೆ.”

ಇದು ಜಾಣ ಪರೀಕ್ಷೆ. ವಾಲ್ವ್ ನೋಡಲು ಬಂದವರು ಲಿವರ್ ಒತ್ತಿ ಕೆಳಗಿನ ಸ್ವರಗಳನ್ನೇ ಮತ್ತೆ ಮತ್ತೆ ನುಡಿಸುತ್ತಾರೆ. ಟೆನರ್ ವಾದಕಿಯ ಬಹುಪಾಲು ಸಂಗೀತ ಲಿವರ್ ಒತ್ತದೆಯೇ ನಡೆಯುತ್ತದೆ. ಆಗಲೂ ಗಾಳಿ ವಾಲ್ವಿನ ಮೂಲಕವೇ ಹೋಗಬೇಕು. ಸುಮ್ಮನೆ ಕುಳಿತಿರುವಾಗ ವಾಲ್ವ್ ಹೇಗೆ ವರ್ತಿಸುತ್ತದೆ ಎಂಬುದೇ ಅವಳಿಗೆ ಮುಖ್ಯ. ಸೊಸೆಗೆ ಒಗ್ಗಿದ್ದು ರೋಟರ್. ಥೇಯರ್‌ನ ವಿಶಾಲತೆ ಅವಳಿಗೆ ಹಿಡಿಸಿತ್ತು. ಆದರೆ ಅದರ ಭಾರ, ಗಾತ್ರ ಮತ್ತು ಎಣ್ಣೆ ಹಾಕಿ ನಿತ್ಯ ನೋಡಿಕೊಳ್ಳಬೇಕಾದ ಕೆಲಸ ಬೇಡವೆನಿಸಿತು. ಎಫ್ ಕೊಳವೆಯ ಸುತ್ತು ತೆರೆದದ್ದಾಗಿರಲಿ ಎಂದಳು. ಅದು ಬೆಲ್ಲಿನ ಹಿಂದಕ್ಕೆ ಚಾಚಿಕೊಳ್ಳುವುದರಿಂದ ಬಾಗಿಲಿಗೆ, ಗೋಡೆಗೆ ತಾಗದಂತೆ ಜೋಪಾನ ಮಾಡಬೇಕು, ಅಷ್ಟೆ.

ಕೊನೆಗೂ ಬೆಲ್. ಮಾವ ತೋಳೇರಿಸಿದರು.

“ಹಳದಿ ಹಿತ್ತಾಳೆ, 70 ತಾಮ್ರ, 30 ಸತು. ನಾವು ಕಾರ್ಟ್ರಿಡ್ಜ್ ಬ್ರಾಸ್ ಅಂತಿದ್ವಿ. ಇನ್ನೊಂದು ಕೆಂಪಗಿದೆ.”

“ಅದು ಗೋಲ್ಡ್ ಬ್ರಾಸ್, 85ಕ್ಕೆ 15. ಕಾನ್ 88ಎಚ್‌ನಲ್ಲಿ ಇನ್ನೂ ಕೆಂಪು, ರೋಸ್ ಬ್ರಾಸ್, 90ಕ್ಕೆ 10.”

“ತಾಮ್ರ ಏರಿದಷ್ಟೂ ಲೋಹ ಮೆತ್ತಗೆ. ಬಡಿದಷ್ಟೂ ಗಟ್ಟಿಯಾಗತ್ತೆ, ಕಾಯಿಸಿದ್ರೆ ಮತ್ತೆ ಮೆತ್ತಗಾಗತ್ತೆ. ಹಾಗಾಗಿ ಲೋಹ ಯಾವುದು ಅಂತ ಬರೆದ್ರೆ ಸಾಲದು. ಯಾವ ಹಂತದಲ್ಲಿ ಎಷ್ಟು ಕಾಯಿಸಿದ್ರು, ಕೊನೆಗೆ ಬಡಿದು ಬಿಟ್ರಾ, ಕಾಯಿಸಿ ಬಿಟ್ರಾ, ಅದನ್ನೂ ಕೇಳಬೇಕು.” ಅವರು ಬೆಲ್ಲಿನ ಒಳಗೆ ಬೆರಳಾಡಿಸಿದರು. “ಇಲ್ಲಿ ಉದ್ದಕ್ಕೂ ಬೆಸುಗೆ. ಬೀಸಣಿಗೆ ಆಕಾರಕ್ಕೆ ತಗಡು ಕತ್ತರಿಸಿ, ಮಡಚಿ ಬೆಸೆದು, ಅಚ್ಚಿನ ಮೇಲೆ ಬಡಿದಿದ್ದಾರೆ. ಇನ್ನೊಂದರಲ್ಲಿ ಬೆಸುಗೆ ಸುತ್ತಲೂ ಬಂದಿದೆ. ಕಾಂಡ ಬೇರೆ, ಅರಳಿದ ಭಾಗ ಬೇರೆ.”

“ಒಂದೇ ತಗಡಿನದು ಹೆಚ್ಚು ಏಕರೂಪವಾಗಿ ನುಡಿಯತ್ತೆ ಅಂತಾರೆ.”

“ಎರಡೂ ಒಂದೇ ಅಚ್ಚಿನ ಮೇಲೆ ಮಾಡಿದ್ದಾ?”

ಸೊಸೆ ಸುಮ್ಮನಾದಳು. ಬೆಲ್ ಹೋಲಿಸುವವರೆಲ್ಲ ಕೇಳಬೇಕಾದ ಪ್ರಶ್ನೆ ಅದು. ಅಚ್ಚು ಬೇರೆಯಾದರೆ ಅರಳುವ ರೀತಿ ಬೇರೆ. ಅರಳುವ ರೀತಿ ಬೇರೆಯಾದರೆ ದನಿಯೂ ಬೇರೆ, ಅದರಲ್ಲಿ ಸಂದೇಹವಿಲ್ಲ. ಅಂಥ ಎರಡು ಬೆಲ್ಲುಗಳನ್ನು ಪಕ್ಕಪಕ್ಕ ಇಟ್ಟು “ರೋಸ್ ಬ್ರಾಸ್ ಬೆಚ್ಚಗಿದೆ” ಎಂದರೆ, ಹೊಗಳಿಕೆ ಲೋಹಕ್ಕೆ ಸಲ್ಲುತ್ತದೋ ಆಕಾರಕ್ಕೋ ಹೇಳಲಾಗದು.

ಈ ಪ್ರಶ್ನೆಯನ್ನು ಲಂಡನ್ನಿನ ಬೂಸಿ ಅಂಡ್ ಹಾಕ್ಸ್ ಕಂಪನಿಯಲ್ಲಿದ್ದ ವಿಜ್ಞಾನಿ ರಿಚರ್ಡ್ ಸ್ಮಿತ್ 1980ರ ದಶಕದಲ್ಲಿ ನೇರವಾಗಿ ಎದುರಿಸಿದರು. ಆಕಾರ ಒಂದೇ, ತಗಡಿನ ದಪ್ಪ ಮಾತ್ರ 0.3ರಿಂದ 0.5 ಮಿಲಿಮೀಟರ್‌ವರೆಗೆ ಬೇರೆಬೇರೆ ಇರುವ ಟ್ರೊಂಬೋನ್ ಬೆಲ್‌ಗಳನ್ನು ಮಾಡಿಸಿ, ಭಾರದಿಂದಲೂ ಗುರುತು ಸಿಗದಂತೆ ತೂಕ ಸರಿದೂಗಿಸಿ, ಹೆಸರಾಂತ ವಾದಕರ ಕಣ್ಣು ಕಟ್ಟಿ ನುಡಿಸಲು ಕೊಟ್ಟರು. ಯಾವುದು ಯಾವುದೆಂದು ವಾದಕರು ಗುರುತಿಸಲಾಗಲಿಲ್ಲ. ಕಥೆ ಅಲ್ಲಿಗೆ ಮುಗಿಯಲಿಲ್ಲ. ಫ್ಲಾರಿಡಾದ ರೋಲಿನ್ಸ್ ಕಾಲೇಜಿನ ಥಾಮಸ್ ಮೂರ್ ಮತ್ತು ಸಂಗಡಿಗರು ಟ್ರಂಪೆಟ್ಟಿನ ಬೆಲ್ಲಿಗೆ ಸುತ್ತ ಮರಳಿನ ಚೀಲ ಒತ್ತಿಟ್ಟು, ಕೃತಕ ತುಟಿಗಳಿಂದ ನುಡಿಸಿ ಅಳೆದಾಗ, ಲೋಹದ ಅದುರುವಿಕೆ ತಡೆದದ್ದಕ್ಕೆ ದನಿಯಲ್ಲಿ ಸಣ್ಣ, ಆದರೆ ಅಳೆಯಬಹುದಾದ ವ್ಯತ್ಯಾಸ ಕಂಡಿತು. ಅಂದರೆ ಗೋಡೆಯ ಲೋಹ ಏನೂ ಮಾಡುವುದಿಲ್ಲ ಎನ್ನಲಾಗದು. ಮಾರಾಟದವರು ಹೇಳುವಷ್ಟು ಮಾಡುತ್ತದೆ ಎಂದೂ ಎನ್ನಲಾಗದು.

“ಹಾಗಾದ್ರೆ ನಿನಗೆ ತಿಳಿಯೋ ವ್ಯತ್ಯಾಸ ಸುಳ್ಳಾ?”

“ಸುಳ್ಳಲ್ಲ ಮಾವ. ಎಡಗೈಗೆ ಅದುರು ತಿಳಿಯತ್ತೆ, ಬೆಲ್ ನನ್ನ ಕಿವಿಯ ಪಕ್ಕದಲ್ಲೇ ಇರತ್ತೆ. ತೆಳು ಬೆಲ್ ಇದ್ರೆ ಬೇಗ ಮಾರುತ್ತರ ಸಿಕ್ಕಿದ ಹಾಗಾಗತ್ತೆ, ನಾನು ಒತ್ತಿ ಊದಲ್ಲ. ಭಾರದ್ದರಲ್ಲಿ ಮಾರುತ್ತರ ತಡ, ಹಾಗಾಗಿ ಇನ್ನೂ ಒತ್ತುತೀನಿ. ಸಭೆಯಲ್ಲಿ ಕೂತೋರಿಗೆ ಕೇಳೋದು ಬೆಲ್ ಅಲ್ಲದೇ ಇರಬಹುದು. ಬೆಲ್ಲಿಂದ ನಾನು ಊದೋ ರೀತಿ ಬದಲಾಯ್ತಲ್ಲ, ಅದು ಕೇಳತ್ತೆ.”

ಪ್ರಯೋಗಾಲಯದವರೂ ವಾದಕರೂ ದಶಕಗಳಿಂದ ಜಗಳವಾಡುತ್ತಿರುವ ವಿಷಯ ಇಷ್ಟು ಸರಳವಾಗಿ ಒಂದು ದಾರಿಗೆ ಬರುತ್ತದೆ. ಭಾಗವನ್ನು ಆರಿಸುವುದು ವಾದಕಿಯ ಮೈಗಾಗಿ. ಅದರ ಫಲ ಮಾತ್ರ ದೂರದಲ್ಲಿ ಕೂತವರ ಕಿವಿಯಲ್ಲಿ ಪರೀಕ್ಷೆಯಾಗಬೇಕು. ಎರಡನ್ನೂ ಒಂದೇ ಕಿವಿಯಿಂದ, ಚಿಕ್ಕ ಕೋಣೆಯಲ್ಲಿ ಮಾಡಲಾಗದು. ಚಿಕ್ಕ ಕೋಣೆ ಹೆಚ್ಚು ಝಣಝಣಿಸುವ ವಾದ್ಯವನ್ನು ಗೆಲ್ಲಿಸುತ್ತದೆ.

ಮರುದಿನ ಅವಳ ಬ್ರಾಸ್ ಕ್ವಿಂಟೆಟ್ ಅಭ್ಯಾಸ ಮಾಡುವ ಚರ್ಚಿನಲ್ಲಿ ಮಾವ ಕೊನೆಯ ಬೆಂಚಿನ ಮೇಲೆ, ವೇದಿಕೆಗೆ ಬೆನ್ನುಹಾಕಿ, ನೋಟ್‌ಬುಕ್ ಹಿಡಿದು ಕೂತರು. ಅಮೆರಿಕದ ಆಡಿಶನ್‌ಗಳಲ್ಲಿ ಮೊದಲ ಸುತ್ತುಗಳು ಪರದೆಯ ಹಿಂದೆಯೇ ನಡೆಯುತ್ತವೆ. ತೀರ್ಪುಗಾರರಿಗೆ ವಾದ್ಯದ ಹೆಸರೂ ಕಾಣದು, ಬೆಲ್ಲಿನ ಬಣ್ಣವೂ ಕಾಣದು. ಸೊಸೆ ಒಂದು ಸಲಕ್ಕೆ ಒಂದೇ ಭಾಗ ಬದಲಾಯಿಸಿ, ಯಾವುದೆಂದು ಹೇಳದೆ, ಅವೇ ನಾಲ್ಕು ತುಣುಕು ನುಡಿಸಿದಳು. ನಡುನಡುವೆ ಏನೂ ಬದಲಾಯಿಸದೆ, ಬದಲಾಯಿಸಿದಂತೆ ಸದ್ದು ಮಾತ್ರ ಮಾಡಿ ಮತ್ತೆ ನುಡಿಸಿದ್ದೂ ಉಂಟು.

ಮಾವನ ನೋಟ್‌ಬುಕ್ ಸ್ವಾರಸ್ಯವಾಗಿತ್ತು. ಸಂಗೀತದ ಪದ ಒಂದೂ ಇಲ್ಲ. “ಶುರು ಮಸುಕು.” “ಶುರು ಚೊಕ್ಕ.” “ಮೇಲೆ ಹೋದಾಗ ಹಿಂಡಿದ ಹಾಗೆ.” ಲೀಡ್‌ಪೈಪ್ ಬದಲಾದಾಗೆಲ್ಲ ಅವರ ಮಾತೂ ಬದಲಾಗಿತ್ತು, ಬೆಳ್ಳಿಯದಕ್ಕೂ ಅದೇ ಅಳತೆಯ ಹಿತ್ತಾಳೆಯದಕ್ಕೂ ಹೊರತು. ಬೆಲ್‌ಗಳ ನಡುವೆ ಮೆಲುದನಿಯಲ್ಲಿ ಏನೂ ಬರೆದಿರಲಿಲ್ಲ. ಮಾಹ್ಲರ್‌ನ ಜೋರಿನ ಕಡೆ ಹಳದಿ ಬೆಲ್ಲಿಗೆ “ದೂರದಿಂದಲೇ ಅಂಚು ಸಿಗತ್ತೆ” ಎಂದಿತ್ತು. ವಾದಕಿಗೆ ಅತಿ ತುಂಬಿದ ದನಿಯೆನಿಸಿದ ಕೆಂಪು ಬೆಲ್ ಕೊನೆಯ ಬೆಂಚಿನಲ್ಲಿ ವಿಶೇಷವಾಗಿಯೇನೂ ಕೇಳಿಸಿರಲಿಲ್ಲ.

“ಬೇಜಾರಾಯ್ತಾ?”

“ಇಲ್ಲ. ಕೆಂಪು ಬೆಲ್ ಹಿಡಿದಾಗ ನನ್ನ ಕಿವಿಗೇ ನಾನು ನುಡಿಸ್ಕೋತಿದ್ದೆ ಅನ್ನೋದು ಗೊತ್ತಾಯ್ತು.”

ಆಮೇಲೆ ಅವಳ ಗೆಳೆಯನೊಬ್ಬ ಬಂದು ಪಕ್ಕದಲ್ಲಿ ಕೂತು ಎರಡನೇ ಟ್ರೊಂಬೋನಿನ ಸಾಲು ನುಡಿಸಿದ. ಒಬ್ಬಳೇ ನುಡಿಸಿದಾಗ ಕಾಣದ್ದು ಆಗ ಕಂಡಿತು. ನಡುವಿನ ಲೀಡ್‌ಪೈಪಿನೊಂದಿಗೆ ಇಬ್ಬರ ಸ್ವರಗಳೂ ಒಟ್ಟಿಗೆ ಹೊರಟು, ಶ್ರುತಿ ಹುಡುಕುವ ಅಲೆದಾಟವಿಲ್ಲದೆ ಕೂಡಿಕೊಂಡವು. ಅಗಲವಾದದ್ದರಲ್ಲಿ ಅವಳ ಸ್ವರ ಪ್ರತಿಸಲವೂ ಒಂದು ಕೂದಲೆಳೆ ತಡವಾಗಿ ತೆರೆಯುತ್ತಿತ್ತು. ಟ್ರೊಂಬೋನ್ ಆರ್ಕೆಸ್ಟ್ರಾದಲ್ಲಿ ಒಂಟಿಯಾಗಿ ನುಡಿಸುವುದು ಅಪರೂಪ; ಮೂವರು ಒಂದಾಗಿ ಸ್ವರಮೇಳ ಕಟ್ಟುವುದೇ ದಿನದ ಕೆಲಸ. ಬಿಡಿಭಾಗ ಆರಿಸುವಾಗ ಈ ಪರೀಕ್ಷೆಯನ್ನು ಬಿಟ್ಟವರು ಅತಿ ಮುಖ್ಯವಾದದ್ದನ್ನೇ ಬಿಟ್ಟಂತೆ.

ಸಂಜೆ ಹಾಳೆ ಮತ್ತೆ ಮೇಜಿನ ಮೇಲೆ ಬಂತು. ಸ್ಲೈಡು 0.547, ಹಿತ್ತಾಳೆಯ ಹೊರಕೊಳವೆ. ಲೀಡ್‌ಪೈಪು ನಡುವಿನದು, ಹಿತ್ತಾಳೆಯದೇ. ರೋಟರ್ ವಾಲ್ವ್, ತೆರೆದ ಸುತ್ತು. ಹಳದಿ ಬೆಲ್, ಒಂದೇ ತಗಡಿನದು, ನಡುವಿನ ದಪ್ಪ. ಲ್ಯಾಕರ್ ಲೇಪ ಬೇಕೋ ಬೇಡವೋ ಎಂಬುದಕ್ಕೆ ಬೇಕು ಎಂದಷ್ಟೇ ಬರೆದಳು. ಬೆವರಿಗೆ ಹಿತ್ತಾಳೆ ಕಪ್ಪಾಗುವುದನ್ನು ಮಾವನಷ್ಟು ಚೆನ್ನಾಗಿ ಯಾರೂ ವಿವರಿಸಲಾರರು.

“ಕೆಂಪು ಬೆಲ್ ಕೈಬಿಟ್ಟೆಯಾ?”

“ಬಿಡಿಯಾಗಿ ಬರತ್ತಲ್ಲ ಮಾವ. ಕೆಲಸ ಸಿಕ್ಕಿದ ಕಡೆ ಪಕ್ಕದವರು ಕೆಂಪು ಬೆಲ್ ಇಟ್ಕೊಂಡಿದ್ರೆ ಆಗ ಅದೊಂದನ್ನೇ ತಗೋತೀನಿ. ಇದನ್ನ ಮಾರಿದ್ರೂ ಆಗತ್ತೆ.”

ಒಂದು ಕಾಲಂ ಖಾಲಿ ಉಳಿದಿತ್ತು: ಎಡಗೈಯ ಹಿಡಿತ, ಲಿವರಿನ ದೂರ. ಎರಡು ಕೆಜಿಯ ಆಸುಪಾಸಿನ ಭಾರವನ್ನು ಗಂಟೆಗಟ್ಟಲೆ ಹೊರುವುದು ಆ ಒಂದು ಕೈ; ಲಿವರ್ ಮುಟ್ಟಬೇಕಾದ ಹೆಬ್ಬೆರಳು ಚಿಕ್ಕದಿದ್ದರೆ ಇಡೀ ಮಣಿಕಟ್ಟು ತಿರುಚಿಕೊಳ್ಳುತ್ತದೆ. ಸೊಸೆಯ ಕೈ ಚಿಕ್ಕದು. ಮಾವ ಸೂಟ್‌ಕೇಸಿನಿಂದ ತಮ್ಮ ಹಳೆಯ ಸ್ಟೀಲ್ ಸ್ಕೇಲ್ ತಂದು, “ವಾದ್ಯ ಹಿಡಿಯೋ ಹಾಗೆ ಹಿಡಿ, ಬೆರಳು ಬಿಗಿಮಾಡಬೇಡ,” ಎಂದು ಅವಳ ಹೆಬ್ಬೆರಳಿನ ಬುಡದಿಂದ ಅಳೆಯತೊಡಗಿದರು.